ಸದಸ್ಯರಿಲ್ಲದ ಪಂಚಾಯಿತಿ ಬೇಡ: ಏಳು ಆಕ್ಷೇಪಗಳಿಗೆ ಉತ್ತರ

2016ರ ಫೆಬ್ರುವರಿಯಲ್ಲಿ ಆಯ್ಕೆಯಾದ ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಹೊಸ ಸದಸ್ಯರು ಕೂರಬೇಕಿದ್ದ ಜಾಗದಲ್ಲಿ ಆಡಳಿತಾಧಿಕಾರಿಗಳು ಬಂದು ಕೂತರು. 2025 ಮುಗಿದರೂ ಚುನಾವಣೆ ನಡೆಯಲಿಲ್ಲ. ರಾಜಧಾನಿಯ ಕಥೆಯೂ ಇದೇ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ 198 ವಾರ್ಡುಗಳ ಸದಸ್ಯರು 2020ರ ಸೆಪ್ಟೆಂಬರ್‌ನಲ್ಲಿ ಮನೆಗೆ ಹೋದರು. ಆಮೇಲೆ ಐದು ವರ್ಷ ಆ ಮಹಾನಗರಕ್ಕೆ ಒಬ್ಬನೇ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಕೊನೆಗೆ 2025ರಲ್ಲಿ ಆ ಪಾಲಿಕೆಯೇ ಇಲ್ಲವಾಗಿ, ಅದರ ಜಾಗಕ್ಕೆ ಐದು ಪಾಲಿಕೆಗಳು ಬಂದವು.

ವಿಧಾನಸಭೆಗೆ ಹೀಗೆ ಐದು ವರ್ಷ ಚುನಾವಣೆ ನಡೆಯದೆ ಹೋಗಿದ್ದರೆ ನಾಡು ಸುಮ್ಮನಿರುತ್ತಿತ್ತೇ? ಸ್ಥಳೀಯ ಸಂಸ್ಥೆಗಳ ವಿಷಯದಲ್ಲಿ ಮಾತ್ರ ನಾವು ಸುಮ್ಮನಿದ್ದೆವು. ಸುಮ್ಮನಿದ್ದದ್ದಷ್ಟೇ ಅಲ್ಲ, ಹಾಗೆ ಸುಮ್ಮನಿರುವುದಕ್ಕೆ ಕಾರಣಗಳನ್ನೂ ಕೊಟ್ಟುಕೊಂಡೆವು. ಚಹಾದಂಗಡಿಯಲ್ಲಿ, ಕಚೇರಿಗಳಲ್ಲಿ, ಓದಿದವರ ಮನೆಯ ಪಡಸಾಲೆಯಲ್ಲಿ, ಕೆಲವೊಮ್ಮೆ ಶಾಸಕರ ಬಾಯಲ್ಲೂ ಆ ಕಾರಣಗಳು ಕೇಳಿಬರುತ್ತವೆ. ‘ಒಳ್ಳೆಯ ಆಡಳಿತ ಬೇಕು ಅಂದರೆ ಈ ಸದಸ್ಯರ ಕಾಟ ತಪ್ಪಬೇಕು’ ಅನ್ನುವುದು ಅವುಗಳ ತಿರುಳು. ನನ್ನ ವಾದ ಇದಕ್ಕೆ ನೇರ ವಿರುದ್ಧವಾದದ್ದು. ಊರಿನ ಆಡಳಿತ ಸುಧಾರಿಸಬೇಕಾದರೆ ಊರವರು ಆರಿಸಿದ, ಊರವರು ಎದುರು ನಿಲ್ಲಿಸಿ ಕೇಳಬಹುದಾದ ಸದಸ್ಯ ಇರಲೇಬೇಕು. ಅವನಲ್ಲಿ ದೋಷವಿದ್ದರೆ ಅದನ್ನು ತಿದ್ದುವ ಶಕ್ತಿಯೂ ಆ ಊರವರ ಕೈಯಲ್ಲೇ ಇದೆ. ಎದುರಾಳಿಗಳ ಆಕ್ಷೇಪಗಳಲ್ಲಿ ಕೆಲವು ಹಗುರವಾದವು, ಕೆಲವು ನಿಜಕ್ಕೂ ಭಾರವಾದವು. ಒಂದೊಂದನ್ನೇ ತೆಗೆದುಕೊಳ್ಳುತ್ತೇನೆ.

ಆಕ್ಷೇಪ 1: ‘ಪಂಚಾಯಿತಿಗೆ ಅಧಿಕಾರ ಕೊಟ್ಟದ್ದರಿಂದ ಲಂಚ ಹಳ್ಳಿಗೂ ಬಂತು’

ಪಂಚಾಯಿತಿಗಳಲ್ಲಿ ಲಂಚವೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆಸ್ತಿ ದಾಖಲೆಯ ಇ-ಸ್ವತ್ತು ನಮೂನೆಗೆ ಅಲೆದಾಡಿದವರು, ಮನೆಯ ಬಿಲ್ಲಿಗೆ ಕೈ ಬಿಸಿ ಮಾಡಿದವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಆದರೆ ಆಕ್ಷೇಪದ ಒಳಗೆ ಒಂದು ಊಹೆ ಅಡಗಿದೆ. ಸದಸ್ಯರು ಇಲ್ಲದಿದ್ದಾಗ ಹಣ ಸುರಕ್ಷಿತವಾಗಿತ್ತು ಎಂಬ ಊಹೆ ಅದು. ಅದನ್ನು ಪರೀಕ್ಷಿಸಿ ನೋಡಬೇಕು.

ಪರೀಕ್ಷಿಸಲು ನಮ್ಮ ರಾಜ್ಯಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ರೂಪಿಸಿದ 1983ರ ಕಾಯ್ದೆಯ ಪ್ರಕಾರ 1987ರ ಜನವರಿಯಲ್ಲಿ ಚುನಾವಣೆ ನಡೆದು, ಸುಮಾರು 2,500 ಮಂಡಲ ಪಂಚಾಯಿತಿಗಳೂ ಜಿಲ್ಲಾ ಪರಿಷತ್ತುಗಳೂ ಬಂದವು. ಆ ಪ್ರಯೋಗವನ್ನು ಹತ್ತಿರದಿಂದ ಅಧ್ಯಯನ ಮಾಡಿದ ರಿಚರ್ಡ್ ಕ್ರೂಕ್ ಮತ್ತು ಜೇಮ್ಸ್ ಮ್ಯಾನರ್ ಎಂಬ ವಿದ್ವಾಂಸರು ಭ್ರಷ್ಟಾಚಾರವನ್ನು ಮುಚ್ಚಿಡಲಿಲ್ಲ. ಹಣದ ಮೇಲೆ ಕೈಯಿಟ್ಟವರ ಸಂಖ್ಯೆ ಹೆಚ್ಚಿತು ಎಂದೇ ಬರೆದರು. ಆದರೆ ಕದ್ದ ಹಣದ ಒಟ್ಟು ಮೊತ್ತ ಮೊದಲಿಗಿಂತ ಕಡಿಮೆಯಾಯಿತು ಎಂಬುದು ಅವರ ತೀರ್ಮಾನ. ಕಾರಣ ಸರಳ. ಮೊದಲು ಮೇಲಿನ ಹಂತದ ಕೆಲವೇ ಜನ ಯಾರಿಗೂ ಕಾಣದಂತೆ ದೊಡ್ಡ ಮೊತ್ತ ನುಂಗುತ್ತಿದ್ದರು. ಅಧಿಕಾರ ಕೆಳಗೆ ಇಳಿದ ಮೇಲೆ ಚರಂಡಿಗೆ ಬಂದ ದುಡ್ಡು ಎಷ್ಟು, ಚರಂಡಿ ಎಷ್ಟು ಉದ್ದ ಆಗಿದೆ ಎನ್ನುವುದು ಊರಿಗೇ ಗೊತ್ತಾಗತೊಡಗಿತು. ಶಾಲೆಗೆ ಬಾರದ ಮೇಷ್ಟರು, ಆಸ್ಪತ್ರೆಯಲ್ಲಿ ಇರದ ಸಿಬ್ಬಂದಿ ಕೆಲಸಕ್ಕೆ ಬರಲು ಶುರುಮಾಡಿದ್ದನ್ನೂ ಅವರು ಗುರುತಿಸಿದರು. ಹಳ್ಳಿಯಲ್ಲಿ ಲಂಚ ಹುಟ್ಟಿದ್ದು ಆಗಲ್ಲ. ಮರೆಯಲ್ಲಿದ್ದ ಲಂಚ ಜನರ ಕಣ್ಣಿಗೆ ಬಿದ್ದದ್ದು ಆಗ.

ಇನ್ನೊಂದು ಸಂಗತಿಯೂ ಇದೆ. ಗ್ರಾಮ ಪಂಚಾಯಿತಿಯ ಖಾತೆಯಿಂದ ಹಣ ತೆಗೆಯಲು ಅಧ್ಯಕ್ಷರ ಸಹಿಯೊಂದೇ ಸಾಲದು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ (ಪಿಡಿಒ) ಸಹಿಯೂ ಬೇಕು. ಅಳತೆ ಪುಸ್ತಕ ಬರೆಯುವವರು ಎಂಜಿನಿಯರು. ತಾಂತ್ರಿಕ ಮಂಜೂರಾತಿ ಕೊಡುವವರೂ ಅಧಿಕಾರಿಗಳೇ. ಹೀಗಿರುವಾಗ ಒಂದು ಕಳಪೆ ಕಾಮಗಾರಿಗೆ ಬಿಲ್ ಆಗಿದ್ದರೆ ಅದರಲ್ಲಿ ಸದಸ್ಯನ ಪಾಲಿನಷ್ಟೇ ಪಾಲು ಸಂಬಳ ತೆಗೆದುಕೊಳ್ಳುವ ನೌಕರನದೂ ಇದೆ. ಅರ್ಧ ತಪ್ಪಿತಸ್ಥನನ್ನು ಹೊರಗೆ ಹಾಕಿ, ಉಳಿದರ್ಧದ ಕೈಗೆ ಪೂರ್ತಿ ಕೀಲಿಕೈ ಕೊಡುವುದು ಶುದ್ಧೀಕರಣ ಹೇಗಾದೀತು? ಸದಸ್ಯನನ್ನು ಐದು ವರ್ಷಕ್ಕೊಮ್ಮೆ ಮತದಾರ ತೆಗೆದುಹಾಕಬಲ್ಲ. ಅಧ್ಯಕ್ಷರ ಮೇಲೆ ಅವಿಶ್ವಾಸ ಮಂಡಿಸಲು ಕಾಯ್ದೆಯಲ್ಲೇ ದಾರಿಯಿದೆ. ಆಡಳಿತಾಧಿಕಾರಿಯ ವಿಷಯದಲ್ಲಿ ಊರವರ ಕೈಯಲ್ಲಿ ಏನಿದೆ? ಒಂದು ಅರ್ಜಿ, ಹೆಚ್ಚೆಂದರೆ ಒಂದು ವರ್ಗಾವಣೆ. ಕಳ್ಳತನ ತಡೆಯಬೇಕಾದರೆ ವರ್ಷದ ಲೆಕ್ಕವನ್ನು ಜನರ ಮುಂದಿಡುವ ಜಮಾಬಂದಿ ಕಟ್ಟುನಿಟ್ಟಾಗಿ ನಡೆಯಲಿ, ಸಾಮಾಜಿಕ ಪರಿಶೋಧನೆಯ ವರದಿಯನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಲಿ. ಅದಕ್ಕಾಗಿ ಚುನಾವಣೆಯನ್ನೇ ನಿಲ್ಲಿಸುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ.

ಆಕ್ಷೇಪ 2: ‘ಓದು ಬರಹ ಬಾರದವರಿಗೆ ಆಡಳಿತ ಏನು ಗೊತ್ತು?’

ಈ ಮಾತು ಎರಡು ರಾಜ್ಯಗಳಲ್ಲಿ ಕಾನೂನೇ ಆಯಿತು. 2014ರ ಡಿಸೆಂಬರ್‌ನಲ್ಲಿ ರಾಜಸ್ಥಾನ ಸುಗ್ರೀವಾಜ್ಞೆ ಹೊರಡಿಸಿ, ಸರಪಂಚರಾಗಲು ಎಂಟನೇ ತರಗತಿ ಪಾಸಾಗಿರಬೇಕು ಎಂದಿತು. 2015ರಲ್ಲಿ ಹರಿಯಾಣ ಹತ್ತನೇ ತರಗತಿಯ ನಿಯಮ ತಂದು, ಮಹಿಳೆಯರಿಗೂ ದಲಿತರಿಗೂ ತುಸು ಸಡಿಲಿಕೆ ಕೊಟ್ಟಿತು. ರಾಜಬಾಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ನ್ಯಾಯಾಲಯದ ತೀರ್ಪಿಗೆ ತಲೆಬಾಗಿಯೂ ಆ ನಿಯಮ ತಪ್ಪು ಎಂದು ಹೇಳುವ ಹಕ್ಕು ನಾಗರಿಕನಿಗಿದೆ. ರಾಜಸ್ಥಾನ ನಾಲ್ಕು ವರ್ಷ ಅನುಭವಿಸಿ ನೋಡಿ, 2019ರಲ್ಲಿ ತನ್ನ ನಿಯಮವನ್ನು ತಾನೇ ರದ್ದು ಮಾಡಿತು.

ಯಾಕೆ ತಪ್ಪು? ನಮ್ಮ ಯಾದಗಿರಿ ಜಿಲ್ಲೆಯನ್ನೇ ನೋಡಿ. 2011ರ ಜನಗಣತಿಯ ಪ್ರಕಾರ ಅಲ್ಲಿಯ ಮಹಿಳಾ ಸಾಕ್ಷರತೆ ಸುಮಾರು ಶೇ 41. ಓದಿನ ಷರತ್ತು ಇಲ್ಲಿಗೂ ಬಂದಿದ್ದರೆ ಅಲ್ಲಿಯ ಹತ್ತರಲ್ಲಿ ಆರು ಹೆಣ್ಣುಮಕ್ಕಳು ಮತ ಹಾಕಬಹುದಿತ್ತೇ ಹೊರತು ಮತ ಕೇಳುವಂತಿರಲಿಲ್ಲ. ಶಾಲೆ ಕಟ್ಟದೆ ಹೋದದ್ದು ಸರ್ಕಾರದ ತಪ್ಪು. ಅದರ ಶಿಕ್ಷೆ ಮಾತ್ರ ಶಾಲೆ ಸಿಗದೆ ಹೊಲದಲ್ಲಿ ಕಳೆ ಕಿತ್ತ ಹೆಣ್ಣುಮಗಳಿಗೆ. ಶಾಸಕರಾಗಲು, ಸಂಸದರಾಗಲು, ಮಂತ್ರಿಯಾಗಲು ಓದಿನ ಷರತ್ತು ಇಲ್ಲ. ದೇಶದ ಬಜೆಟ್ಟಿಗೆ ಕೈಯೆತ್ತಲು ಬೇಡವಾದ ಪ್ರಮಾಣಪತ್ರ, ಊರಿನ ಬೀದಿದೀಪದ ಕ್ರಿಯಾಯೋಜನೆಗೆ ಯಾಕೆ ಬೇಕು?

ಓದು ಬೇಡ ಎಂದು ನಾನು ಹೇಳುತ್ತಿಲ್ಲ. ಓದಿದ ಸದಸ್ಯ ಕಡತವನ್ನು ಬೇಗ ಹಿಡಿಯುತ್ತಾನೆ, ಅಧಿಕಾರಿಯ ಟಿಪ್ಪಣಿಯಲ್ಲಿ ಏನು ಬಿಟ್ಟುಹೋಗಿದೆ ಎಂದು ಗುರುತಿಸುತ್ತಾನೆ. ಆ ಶಕ್ತಿ ಎಲ್ಲ ಸದಸ್ಯರಿಗೂ ಬರಲಿ ಎಂದೇ ಮೈಸೂರಿನಲ್ಲಿ ಅಬ್ದುಲ್ ನಜೀರ್ ಸಾಬ್ ಹೆಸರಿನ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇದೆ. ಆಯ್ಕೆಯಾದ ಮೊದಲ ತಿಂಗಳುಗಳಲ್ಲೇ ಅಲ್ಲಿಯ ತರಬೇತಿ ಪ್ರತಿಯೊಬ್ಬ ಸದಸ್ಯರಿಗೂ ಮುಟ್ಟಬೇಕು, ಅದು ಮತ್ತೆ ಮತ್ತೆ ನಡೆಯಬೇಕು. ಕಾಗದ ಓದಲು ಕಲಿಸಬಹುದು. ಯಾವ ಕೇರಿಗೆ ಬೇಸಿಗೆಯಲ್ಲಿ ನೀರು ಮೊದಲು ನಿಲ್ಲುತ್ತದೆ, ಯಾವ ಮುದುಕಿಯ ಪಿಂಚಣಿ ಯಾಕೆ ನಿಂತಿದೆ ಎಂಬ ತಿಳಿವಳಿಕೆಯನ್ನು ಯಾವ ಸಂಸ್ಥೆಯೂ ಹೊರಗಿನಿಂದ ಬಂದ ಅಧಿಕಾರಿಗೆ ಕಲಿಸಿಕೊಡಲಾರದು.

ಆಕ್ಷೇಪ 3: ‘ಮಹಿಳಾ ಸದಸ್ಯರು ಹೆಸರಿಗೆ ಮಾತ್ರ, ಆಳುವವರು ಗಂಡಂದಿರು’

ಹೌದು, ಇದು ಇದೆ. ಸಭೆಯಲ್ಲಿ ಹೆಂಡತಿಯ ಪಕ್ಕದ ಕುರ್ಚಿಯಲ್ಲಿ ಗಂಡ ಕೂತಿರುವುದು, ಅಧ್ಯಕ್ಷೆಯ ಫೋನು ಅವಳ ಮೈದುನನ ಜೇಬಿನಲ್ಲಿರುವುದು ನಾವು ಕಂಡದ್ದೇ. ಈ ಪಿಡುಗಿನ ಬಗ್ಗೆ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ 2023ರಲ್ಲಿ ಸಮಿತಿಯನ್ನೇ ನೇಮಿಸಬೇಕಾಯಿತು. ಆದರೆ ಆಕ್ಷೇಪ ಮಾಡುವವರು ಅಲ್ಲಿಗೇ ನಿಲ್ಲುತ್ತಾರೆ. ಮುಂದಿನ ಪುಟ ತಿರುವುವುದಿಲ್ಲ.

ಮುಂದಿನ ಪುಟದಲ್ಲಿ ಇರುವುದು ಇದು. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡಫ್ಲೋ ಪಶ್ಚಿಮ ಬಂಗಾಳದ ಬೀರ್‌ಭೂಮ್ ಮತ್ತು ರಾಜಸ್ಥಾನದ ಉದಯಪುರ ಜಿಲ್ಲೆಗಳಲ್ಲಿ ಅಧ್ಯಯನ ನಡೆಸಿ 2004ರಲ್ಲಿ ಪ್ರಕಟಿಸಿದರು. ಯಾವ ಪಂಚಾಯಿತಿಯ ಮುಖ್ಯಸ್ಥ ಸ್ಥಾನ ಮಹಿಳೆಗೆ ಮೀಸಲು ಎನ್ನುವುದು ಸರದಿಯ ಮೇಲೆ ನಿರ್ಧಾರವಾಗುತ್ತಿದ್ದರಿಂದ ಎರಡೂ ಬಗೆಯ ಪಂಚಾಯಿತಿಗಳನ್ನು ಪ್ರಾಮಾಣಿಕವಾಗಿ ಹೋಲಿಸುವುದು ಸಾಧ್ಯವಾಯಿತು. ಮಹಿಳೆಯರು ಮುಖ್ಯಸ್ಥರಾಗಿದ್ದ ಕಡೆ ಕುಡಿಯುವ ನೀರಿಗೆ ಹೆಚ್ಚು ಹಣ ಹೋಗಿತ್ತು. ಎರಡೂ ಜಿಲ್ಲೆಗಳ ಹೆಣ್ಣುಮಕ್ಕಳು ಹೆಚ್ಚಾಗಿ ದೂರುತ್ತಿದ್ದದ್ದೂ ನೀರಿನ ಬಗ್ಗೆಯೇ. ಎಲ್ಲ ಕಡೆಯೂ ಗಂಡಂದಿರೇ ಆಳುತ್ತಿದ್ದರೆ ಈ ವ್ಯತ್ಯಾಸ ಕಾಣಿಸಬಾರದಿತ್ತು. ಬೀರ್‌ಭೂಮ್‌ನಲ್ಲೇ ನಡೆದ ಇನ್ನೊಂದು ಅಧ್ಯಯನ 2012ರಲ್ಲಿ ಹೊರಬಂತು. ಎರಡು ಅವಧಿಗೆ ಮಹಿಳೆ ಮುಖ್ಯಸ್ಥಳಾಗಿದ್ದ ಊರುಗಳಲ್ಲಿ ತಂದೆತಾಯಿಗಳು ಹೆಣ್ಣುಮಕ್ಕಳ ಓದಿನ ಬಗ್ಗೆ ಇಟ್ಟುಕೊಂಡ ಆಸೆಯೇ ಬದಲಾಗಿತ್ತು ಎಂದು ಅದು ತೋರಿಸಿತು.

ಕರ್ನಾಟಕ ಈ ದಾರಿಯಲ್ಲಿ ಬೇರೆಯವರಿಗಿಂತ ಮೊದಲೇ ಹೆಜ್ಜೆ ಇಟ್ಟ ರಾಜ್ಯ. ಸಂವಿಧಾನದ 73ನೇ ತಿದ್ದುಪಡಿ ಮೂರನೇ ಒಂದು ಪಾಲು ಕೊಡುವ ಮುನ್ನವೇ, 1987ರಲ್ಲಿ ಇಲ್ಲಿ ಶೇ 25 ಸ್ಥಾನಗಳು ಮಹಿಳೆಯರಿಗೆ ಸಿಕ್ಕಿದ್ದವು. 2010ರಲ್ಲಿ ಅದು ಶೇ 50 ಆಯಿತು. ಮೊದಲ ಸಲ ಗಂಡನ ಹಿಂದೆ ಬಂದ ಹೆಣ್ಣುಮಗಳು ಎರಡನೇ ವರ್ಷ ಒಬ್ಬಳೇ ಬಸ್ಸು ಹತ್ತಿ ತಾಲ್ಲೂಕು ಕಚೇರಿಗೆ ಹೋಗುತ್ತಾಳೆ. ಕೊನೆಯ ವರ್ಷ ಪಿಡಿಒ ಮುಂದೆ ನಡಾವಳಿ ಪುಸ್ತಕ ತೆರೆಸಿ ಕೇಳುತ್ತಾಳೆ. ಆ ಹೊತ್ತಿಗೆ ಅವಧಿ ಮುಗಿಯುತ್ತದೆ, ಮೀಸಲಾತಿ ಬದಲಾಗುತ್ತದೆ, ಕೆಲವೊಮ್ಮೆ ಚುನಾವಣೆಯೇ ನಡೆಯುವುದಿಲ್ಲ. ಗಂಡಂದಿರ ಹಸ್ತಕ್ಷೇಪ ತಡೆಯಬೇಕೆನ್ನುವವರು ಮೊದಲು ಇದನ್ನು ಪ್ರಶ್ನಿಸಬೇಕು. ಹೊರಗಿನ ಗಂಡಸು ಸಭೆಯಲ್ಲಿ ಕೂತರೆ ಎಬ್ಬಿಸುವ ಹೊಣೆ ಸಭೆಯ ನಡಾವಳಿ ಬರೆಯುವ ಅಧಿಕಾರಿಯದು. ಆ ಹೊಣೆ ನಿಭಾಯಿಸದವನಿಗೆ ನೋಟಿಸು ಹೋಗಲಿ. ಹೆಣ್ಣುಮಗಳ ಕುರ್ಚಿ ತೆಗೆದರೆ ಗಂಡಸಿನ ದರ್ಬಾರು ಇನ್ನಷ್ಟು ನಿರಾತಂಕವಾಗುತ್ತದೆ.

ಆಕ್ಷೇಪ 4: ‘ಆಡಳಿತಾಧಿಕಾರಿ ಇದ್ದರೆ ಕೆಲಸ ಚುರುಕು’

ಒಬ್ಬನೇ ತೀರ್ಮಾನ ಮಾಡಿದರೆ ಬೇಗ ಆಗುತ್ತದೆ, ನಿಜ. ಆ ತೀರ್ಮಾನ ಯಾರ ಪರವಾಗಿ ಎನ್ನುವುದು ಪ್ರಶ್ನೆ. ಆಡಳಿತಾಧಿಕಾರಿಗೆ ಮೇಲಿನವರು ಕರೆದರೆ ಉತ್ತರ ಕೊಡಬೇಕು. ಊರವರು ಕರೆದರೆ ಕೊಡಬೇಕೆಂಬ ನಿಯಮವಿಲ್ಲ. ಆಡಳಿತಾಧಿಕಾರಿಗಳಲ್ಲಿ ಶ್ರದ್ಧಾವಂತರು ಬಹಳ ಮಂದಿ ಇದ್ದಾರೆ. ಆದರೆ ವರ್ಗಾವಣೆ ಆದೇಶ ಬಂದ ದಿನ ಆ ಶ್ರದ್ಧೆಯೂ ಊರು ಬಿಡುತ್ತದೆ. ಜಿಲ್ಲಾ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಕೃಷಿ, ಶಿಕ್ಷಣ, ಆರೋಗ್ಯ ಇಲಾಖೆಗಳ ಅಧಿಕಾರಿಗಳನ್ನು ನಿಲ್ಲಿಸಿ ‘ನಮ್ಮ ಹೋಬಳಿಗೆ ಬಿತ್ತನೆ ಬೀಜ ಯಾಕೆ ತಡವಾಯಿತು’ ಎಂದು ಕೇಳುವ ಸದಸ್ಯ 2021ರ ನಂತರ ಇಲ್ಲವಾದ. ಆ ಪ್ರಶ್ನೆ ಬೇರೆ ಯಾವ ವೇದಿಕೆಗೂ ವರ್ಗವಾಗಲಿಲ್ಲ. ಕೇಳುವವರಿಲ್ಲದೆ ಉಳಿಯಿತು.

ನಷ್ಟ ಹಣದ ರೂಪದಲ್ಲೂ ಇದೆ. 15ನೇ ಹಣಕಾಸು ಆಯೋಗದ ಅನುದಾನ ಸಿಗಬೇಕಾದರೆ ಸ್ಥಳೀಯ ಸಂಸ್ಥೆಯಲ್ಲಿ ಚುನಾಯಿತ ಮಂಡಳಿ ಇರಬೇಕೆಂಬುದು ಷರತ್ತಾಗಿತ್ತು. ಚುನಾವಣೆ ಮುಂದೂಡಿದಾಗ ಆ ಬಾಗಿಲನ್ನು ನಾವೇ ಮುಚ್ಚಿಕೊಂಡಂತಾಯಿತು. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 25 ಸ್ಥಳೀಯ ಸಂಸ್ಥೆಗಳ ಕ್ಷೇತ್ರಗಳಿಂದ ಬರುತ್ತವೆ. 2021ರ ಡಿಸೆಂಬರ್‌ನಲ್ಲಿ ಆ 25 ಸ್ಥಾನಗಳಿಗೆ ಚುನಾವಣೆ ನಡೆದಾಗ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಪರವಾಗಿ ಮತ ಹಾಕಲು ಸದಸ್ಯರೇ ಇರಲಿಲ್ಲ.

ಕಾನೂನಿನಲ್ಲಿ ಈ ವಿಳಂಬಕ್ಕೆ ಜಾಗ ಇಲ್ಲ. ಸಂವಿಧಾನದ 243ಇ ವಿಧಿ ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಪೂರ್ತಿಯಾಗಬೇಕು ಎನ್ನುತ್ತದೆ. ಅಹಮದಾಬಾದ್ ಪಾಲಿಕೆಗೆ ಸಂಬಂಧಿಸಿದ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲೇ ಇದನ್ನು ಬಿಡಿಸಿ ಹೇಳಿತು. 2022ರಲ್ಲಿ ಮಧ್ಯಪ್ರದೇಶದ ಸುರೇಶ್ ಮಹಾಜನ್ ಪ್ರಕರಣದಲ್ಲಿ ಕ್ಷೇತ್ರ ಪುನರ್ವಿಂಗಡಣೆ ಅಥವಾ ಮೀಸಲಾತಿಯ ಲೆಕ್ಕ ಬಾಕಿ ಇದೆ ಎಂಬ ಕಾರಣಕ್ಕೆ ಚುನಾವಣೆ ನಿಲ್ಲಿಸುವಂತಿಲ್ಲ ಎಂದಿತು. ಹಾಗಿದ್ದೂ ನಮ್ಮಲ್ಲಿ 2021ರಲ್ಲಿ ಕಾಯ್ದೆ ತಿದ್ದಿ, ಕ್ಷೇತ್ರ ವಿಂಗಡಣೆಯ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಡಲಾಯಿತು. ವಿಳಂಬಕ್ಕಾಗಿ 2022ರಲ್ಲಿ ಹೈಕೋರ್ಟ್ ಸರ್ಕಾರಕ್ಕೆ ದಂಡವನ್ನೂ ಹಾಕಿತು. ಪಕ್ಷ ಬದಲಾಗಿ ಸರ್ಕಾರ ಬದಲಾಯಿತು, ವಿಳಂಬ ಬದಲಾಗಲಿಲ್ಲ. ಇದು ಹೊಸ ರೋಗವೂ ಅಲ್ಲ. 1987ರಲ್ಲಿ ಬಂದ ಮಂಡಲ ಪಂಚಾಯಿತಿಗಳ ಅವಧಿ 1992ರಲ್ಲಿ ಮುಗಿದಾಗಲೂ ಆಡಳಿತಾಧಿಕಾರಿಗಳು ಬಂದಿದ್ದರು. ಗ್ರಾಮ ಮಟ್ಟದಲ್ಲಿ ಮತ್ತೆ ಚುನಾವಣೆ ಕಂಡದ್ದು 1993ರ ಡಿಸೆಂಬರ್‌ನಲ್ಲಿ, ಜಿಲ್ಲಾ ಮಟ್ಟದಲ್ಲಿ 1995ರಲ್ಲಿ. ಬೆಂಗಳೂರು ನಗರವೂ 2006ರಿಂದ 2010ರವರೆಗೆ ಕಾರ್ಪೊರೇಟರುಗಳಿಲ್ಲದೆ ಇತ್ತು. ಆ ವರ್ಷಗಳಲ್ಲಿ ರಾಜಕಾಲುವೆಗಳ ಒತ್ತುವರಿ ನಿಂತಿತೇ, ಕೆರೆಗಳು ತುಂಬಿದವೇ ಎಂದು ನಗರದ ಹಳಬರನ್ನು ಕೇಳಿ ನೋಡಿ.

ಆಕ್ಷೇಪ 5: ‘ಶಾಸಕರಿದ್ದಾರಲ್ಲ, ಇನ್ನೊಂದು ಹಂತ ಯಾಕೆ?’

ಲೆಕ್ಕ ನೋಡೋಣ. 2011ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ 6 ಕೋಟಿ ದಾಟಿತ್ತು, ವಿಧಾನಸಭಾ ಸ್ಥಾನಗಳು 224. ಆ ಲೆಕ್ಕದಲ್ಲೇ ಒಬ್ಬ ಶಾಸಕನ ಪಾಲಿಗೆ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ. ನಮ್ಮ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನರಿಗೆ ಒಬ್ಬ ಸದಸ್ಯ. ಎಂಟು ಹತ್ತು ಓಣಿಗಳ ಜನ ಮುಖ ಗುರುತು ಹಿಡಿದು, ಹೆಸರು ಕೂಗಿ ನಿಲ್ಲಿಸಬಹುದಾದ ಪ್ರತಿನಿಧಿ ಅವನು. ಶಾಸಕ ಎಷ್ಟೇ ಒಳ್ಳೆಯವನಾದರೂ ಸುಟ್ಟುಹೋದ ಪಂಪಿನ ಮೋಟಾರಿಗೆ ಅವನ ಮನೆ ಬಾಗಿಲು ತಟ್ಟುವುದು ಆಗದ ಮಾತು. ಬೆಳಗಿನ ಜಾವ ನೀರುಗಂಟಿಯನ್ನು ಎಬ್ಬಿಸಿ ವಾಲ್ವ್ ತಿರುಗಿಸುವವನು ಆ ವಾರ್ಡಿನ ಸದಸ್ಯ.

ಈ ಆಕ್ಷೇಪದ ಹಿಂದೆ ಬೇರೊಂದು ಸಂಗತಿ ಇದೆ, ಅದನ್ನು ಹೇಳಿಬಿಡಬೇಕು. ಕೆಳಗಿನ ಹಂತದಲ್ಲಿ ಸದಸ್ಯರಿಲ್ಲದಿದ್ದರೆ ಅಲ್ಲಿಯ ಅನುದಾನ, ಕಾಮಗಾರಿ, ಫಲಾನುಭವಿ ಆಯ್ಕೆ ಎಲ್ಲವೂ ಶಾಸಕರ ಮಾತಿನಂತೆ ನಡೆಯುತ್ತವೆ. ಕುಡಿಯುವ ನೀರಿನ ಕಾರ್ಯಪಡೆಯಿಂದ ಹಿಡಿದು ಹಲವು ಸಮಿತಿಗಳಿಗೆ ಶಾಸಕರೇ ಅಧ್ಯಕ್ಷರು. 1987ರ ವ್ಯವಸ್ಥೆಯಲ್ಲಿ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಇತ್ತು. ಅವರ ಕೆಳಗೆ ಕೆಲಸ ಮಾಡಲು ಮುಖ್ಯ ಕಾರ್ಯದರ್ಶಿ ಎಂಬ ಹೆಸರಿನ ಹಿರಿಯ ಐಎಎಸ್ ಅಧಿಕಾರಿ ಇದ್ದರು. ಆ ಎತ್ತರದಲ್ಲಿದ್ದ ಸಂಸ್ಥೆ ಬರಬರುತ್ತಾ ಕುಗ್ಗಿತು. ಕುಗ್ಗಿಸಿದ್ದು ಜನರಲ್ಲ. ಕಾನೂನು ಮಾಡುವುದು ಶಾಸಕರ ಕೆಲಸ, ಬೀದಿ ಕಾಮಗಾರಿ ಹಂಚುವುದು ಅವರ ಕೆಲಸವಲ್ಲ. ಎರಡೂ ಒಬ್ಬರ ಕೈಗೇ ಹೋದಾಗ ವಿಧಾನಸಭೆಯೂ ಸೊರಗುತ್ತದೆ, ಊರೂ ಸೊರಗುತ್ತದೆ.

ಆಕ್ಷೇಪ 6: ‘ಚುನಾವಣೆ ಊರಿಗೆ ಜಾತಿ, ಹಣ, ಜಗಳ ತಂದಿತು’

ಇದು ಆಕ್ಷೇಪಗಳಲ್ಲೆಲ್ಲ ಹೆಚ್ಚು ತೂಕದ್ದು. ಇದರ ಹಿಂದೆ ಬಾಬಾಸಾಹೇಬ್ ಅಂಬೇಡ್ಕರರ ಎಚ್ಚರಿಕೆಯಿದೆ. 1948ರ ನವೆಂಬರ್ 4ರಂದು ಸಂವಿಧಾನ ರಚನಾ ಸಭೆಯಲ್ಲಿ ಮಾತಾಡುತ್ತಾ ಅವರು ಭಾರತದ ಹಳ್ಳಿಯನ್ನು ಆದರ್ಶವಾಗಿ ಕಾಣುವುದನ್ನು ಕಟುವಾಗಿ ಖಂಡಿಸಿದರು. ಹಳ್ಳಿಗೆ ಅಧಿಕಾರ ಕೊಡುವುದೆಂದರೆ ಮೇಲ್ಜಾತಿಯ ಗೌಡ, ಪಟೇಲರಿಗೆ ಕೊಡುವುದು ಎಂಬ ಅವರ ಭಯಕ್ಕೆ ಶತಮಾನಗಳ ನೋವಿನ ಆಧಾರವಿತ್ತು. ಆ ಮಾತನ್ನು ಬದಿಗೆ ಸರಿಸಿ ಪಂಚಾಯಿತಿಯ ಪರ ವಾದಿಸುವವರು ವಾದಿಸಲು ಅರ್ಹರಲ್ಲ.

1993ರ ಏಪ್ರಿಲ್ 24ರಂದು ಜಾರಿಗೆ ಬಂದ 73ನೇ ತಿದ್ದುಪಡಿಯಲ್ಲಿ ಆ ಭಯಕ್ಕೆ ಉತ್ತರ ಹುಡುಕುವ ಪ್ರಯತ್ನವಿದೆ. 243ಡಿ ವಿಧಿ ಪರಿಶಿಷ್ಟ ಜಾತಿ, ಪಂಗಡಗಳಿಗೆ ಜನಸಂಖ್ಯೆಗೆ ತಕ್ಕಷ್ಟು ಸ್ಥಾನಗಳನ್ನು ಮೀಸಲಿಟ್ಟಿತು. ಸದಸ್ಯತ್ವದಲ್ಲಿ ಮಾತ್ರವಲ್ಲ, ಅಧ್ಯಕ್ಷ ಸ್ಥಾನದಲ್ಲೂ. ಊರಿನ ದೇವಸ್ಥಾನದ ಕಟ್ಟೆಯ ಮೇಲೆ ಕೂರಲು ಬಿಡದಿದ್ದ ಕೇರಿಯ ಮನುಷ್ಯ ಪಂಚಾಯಿತಿಯ ಅಧ್ಯಕ್ಷನ ಕುರ್ಚಿಯಲ್ಲಿ ಕೂತ. ಅಲ್ಲಿ ಕೂತವನನ್ನು ಕೆಣಕಿದವರು ಇದ್ದಾರೆ, ರಾಷ್ಟ್ರಧ್ವಜ ಹಾರಿಸಲು ಬಿಡದೆ ಅವಮಾನಿಸಿದವರು ಇದ್ದಾರೆ. ಆ ಜಗಳ ಚುನಾವಣೆ ಹುಟ್ಟಿಸಿದ್ದಲ್ಲ. ಮೊದಲು ಒಂದೇ ಕಡೆಯವರು ಮಾತಾಡುತ್ತಿದ್ದರು, ಇನ್ನೊಂದು ಕಡೆಯವರು ತಲೆ ತಗ್ಗಿಸಿರುತ್ತಿದ್ದರು. ಆ ಮೌನವನ್ನು ಶಾಂತಿ ಎಂದು ಕರೆಯುವುದು ಅನ್ಯಾಯ.

ಹಣದ ಮಾತು. 2020ರ ಡಿಸೆಂಬರ್‌ನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಕೆಲವೆಡೆ ಸ್ಥಾನಗಳನ್ನು ಹರಾಜು ಹಾಕಿದ ಸುದ್ದಿಗಳು ಬಂದವು. ಹರಾಜು ಎಂದರೆ ಚುನಾವಣೆಯನ್ನು ಕೊಲ್ಲುವ ಕೆಲಸ. ಅದಕ್ಕೆ ಮದ್ದು ಚುನಾವಣೆಯನ್ನು ಸರಿಯಾಗಿ ನಡೆಸುವುದೇ. ಹರಾಜು ನಡೆದ ಕಡೆ ಮೊಕದ್ದಮೆ ಹಾಕಿ, ಆ ವಾರ್ಡಿನ ಆಯ್ಕೆ ರದ್ದು ಮಾಡಿ, ಮತ್ತೆ ಮತದಾನ ನಡೆಸಬೇಕು. ನಮ್ಮಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುತ್ತದೆ. ಆ ಒಳ್ಳೆಯ ನಿಯಮವನ್ನು ಪಕ್ಷಗಳು ಒಳಗಿನಿಂದ ಕೊರೆಯುತ್ತಿವೆ. ಅದನ್ನು ಗಟ್ಟಿ ಮಾಡಿದರೆ ಜಗಳದ ಅರ್ಧ ಬಿಸಿ ಇಳಿಯುತ್ತದೆ.

ಬಡವರ ಪಾಲಿಗೆ ಈ ವ್ಯವಸ್ಥೆಯಿಂದ ಏನಾಯಿತು ಎನ್ನುವುದಕ್ಕೂ ಸಾಕ್ಷ್ಯವಿದೆ. ಟಿಮ್ ಬೆಸ್ಲೀ, ರೋಹಿಣಿ ಪಾಂಡೆ, ವಿಜಯೇಂದ್ರ ರಾವ್ ಕರ್ನಾಟಕವೂ ಸೇರಿದಂತೆ ದಕ್ಷಿಣದ ನಾಲ್ಕು ರಾಜ್ಯಗಳ 500ಕ್ಕೂ ಹೆಚ್ಚು ಹಳ್ಳಿಗಳಲ್ಲಿ 2002ರಲ್ಲಿ ಸಮೀಕ್ಷೆ ನಡೆಸಿದರು. ಗ್ರಾಮಸಭೆ ನಡೆದ ಊರುಗಳಲ್ಲಿ ಭೂಮಿಯಿಲ್ಲದವರಿಗೆ, ಓದು ಬಾರದವರಿಗೆ ಬಿಪಿಎಲ್ ಕಾರ್ಡು ಸಿಗುವ ಸಾಧ್ಯತೆ ಗ್ರಾಮಸಭೆ ನಡೆಯದ ಊರುಗಳಿಗಿಂತ ಹೆಚ್ಚಾಗಿತ್ತು. ಸಭೆ ಸೇರುವುದು ಜಗಳಕ್ಕೆ ಎನ್ನುವವರು ಈ ಫಲವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆಕ್ಷೇಪ 7: ‘ದುಡ್ಡೂ ಇಲ್ಲ, ಅಧಿಕಾರವೂ ಇಲ್ಲ. ಇದ್ದರೆಷ್ಟು, ಬಿಟ್ಟರೆಷ್ಟು?’

ಇದನ್ನು ಹೇಳುವವರು ಶತ್ರುಗಳಲ್ಲ, ಬೇಸತ್ತ ಮಿತ್ರರು. ಅವರ ಬೇಸರಕ್ಕೆ ಕಾರಣವಿದೆ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಕೊಡಬಹುದಾದ 29 ವಿಷಯಗಳ ಪಟ್ಟಿಯಿದೆ. ಪಟ್ಟಿಯಲ್ಲಿದ್ದಷ್ಟು ಅಧಿಕಾರ ಕೈಯಲ್ಲಿ ಇಲ್ಲ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ನೀರು, ನೈರ್ಮಲ್ಯಕ್ಕೆ ಕಟ್ಟಿಹಾಕಿದ್ದಾಗಿತ್ತು. ಸದಸ್ಯರು ತಮ್ಮ ಊರಿನ ಅಗತ್ಯ ನೋಡಿ ಹಂಚಬಹುದಾಗಿದ್ದದ್ದು ಉಳಿದ ಶೇ 40 ಮಾತ್ರ. ಅದರಲ್ಲೂ ವಿದ್ಯುತ್ ಬಿಲ್ಲಿನ ಬಾಕಿ ಎಂದು ಕಡಿತವಾಗುವ ಮೊತ್ತ ಕಣ್ಣೆದುರು ನಿಂತಿರುತ್ತಿತ್ತು. ಸದಸ್ಯನ ತಿಂಗಳ ಗೌರವಧನ ಕೆಲವು ದಿನಗಳ ಕೂಲಿಗೆ ಸಮ. ಕೂಲಿ ಬಿಟ್ಟು ಸಭೆಗೆ ಬಂದವರು ಮನೆಯ ಒಲೆಗೆ ಏನು ಇಡಬೇಕು?

ಆದರೂ ‘ಬಿಟ್ಟರೆಷ್ಟು’ ಎನ್ನುವ ತೀರ್ಮಾನವನ್ನು ನಾನು ಒಪ್ಪಲಾರೆ. ಇಷ್ಟು ಕಟ್ಟುಗಳ ನಡುವೆಯೂ ಪಂಚಾಯಿತಿಗಳು ಮಾಡಿದ ಕೆಲಸ ಕಣ್ಣಿಗೆ ಕಾಣುವಂತಿದೆ. ಕೋವಿಡ್ ಕಾಲದಲ್ಲಿ ಊರೂರಿನ ಕಾರ್ಯಪಡೆಗಳು ಗ್ರಾಮ ಪಂಚಾಯಿತಿ ಅಧ್ಯಕ್ಷರ ನೇತೃತ್ವದಲ್ಲೇ ನಡೆದವು. ಹೊರಗಿನಿಂದ ಮರಳಿದವರ ಪಟ್ಟಿ ಮಾಡಿದ್ದು, ಔಷಧಿ ಮುಟ್ಟಿಸಿದ್ದು ಊರಿನ ಜನರೇ. ಶಾಲೆ ಮುಚ್ಚಿದ್ದ ಆ ದಿನಗಳಲ್ಲಿ ಪಂಚಾಯಿತಿ ಗ್ರಂಥಾಲಯಗಳು ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತವಾಗಿ ಬಾಗಿಲು ತೆರೆದವು. ಉಡುಪಿ ಜಿಲ್ಲೆಯ ವಂಡ್ಸೆ ಗ್ರಾಮ ಪಂಚಾಯಿತಿ ಕಸ ವಿಲೇವಾರಿಯನ್ನು ಎಷ್ಟು ಅಚ್ಚುಕಟ್ಟಾಗಿ ಮಾಡಿತೆಂದರೆ ದೂರದ ಪಂಚಾಯಿತಿಗಳವರೂ ನೋಡಿ ಕಲಿಯಲು ಅಲ್ಲಿಗೆ ಬಂದರು.

ಕೇರಳ 1996ರಲ್ಲಿ ಜನಯೋಜನೆ ಆರಂಭಿಸಿದಾಗ ರಾಜ್ಯದ ಯೋಜನಾ ಹಣದ ಮೂರನೇ ಒಂದಕ್ಕಿಂತ ಹೆಚ್ಚು ಪಾಲನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡಲು ತೀರ್ಮಾನಿಸಿತು. ಅಲ್ಲಿ ಸಾಧ್ಯವಾದದ್ದು ಇಲ್ಲಿ ಅಸಾಧ್ಯವಲ್ಲ. 2025ರ ಫೆಬ್ರುವರಿಯಲ್ಲಿ ಬಿಡುಗಡೆಯಾದ ಪಂಚಾಯಿತಿ ಅಧಿಕಾರ ವಿಕೇಂದ್ರೀಕರಣ ಸೂಚ್ಯಂಕದಲ್ಲಿ ಕರ್ನಾಟಕವೇ ದೇಶಕ್ಕೆ ಮೊದಲು ಬಂತು. ಕೇರಳ ಎರಡನೆಯದು. ಮೊದಲ ಸ್ಥಾನದ ರಾಜ್ಯದಲ್ಲಿ ಆ ಹೊತ್ತಿಗೆ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳು ಸುಮಾರು ನಾಲ್ಕು ವರ್ಷಗಳಿಂದ ಚುನಾಯಿತ ಸದಸ್ಯರಿಲ್ಲದೆ ಇದ್ದವು ಎಂಬುದು ನಮ್ಮನ್ನು ನಾಚಿಸಬೇಕು. ಕಾಗದದ ಮೇಲೆ ನಾವು ಕಟ್ಟಿದ ವ್ಯವಸ್ಥೆ ಒಳ್ಳೆಯದು. ಅದರೊಳಗೆ ಮನುಷ್ಯರನ್ನು ಕೂರಿಸಬೇಕು.

ಬೆಂಬಲ ಅಂದರೆ ಏನು?

ಸದಸ್ಯರನ್ನು ಬೆಂಬಲಿಸಿ ಎಂದರೆ ಅವರು ಮಾಡಿದ್ದಕ್ಕೆಲ್ಲ ತಲೆದೂಗಿ ಎಂದಲ್ಲ. ಅವರ ಕೆಲಸಕ್ಕೆ ಬೇಕಾದದ್ದನ್ನು ಕೊಟ್ಟು, ಕೊಟ್ಟದ್ದಕ್ಕೆ ಲೆಕ್ಕ ಕೇಳಿ ಎಂದು ಅರ್ಥ.

ಸರ್ಕಾರ ಮಾಡಬೇಕಾದದ್ದು ಸ್ಪಷ್ಟವಾಗಿದೆ. ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿ ನಿಗದಿಯ ಕೆಲಸ ರಾಜ್ಯ ಚುನಾವಣಾ ಆಯೋಗಕ್ಕೆ ಮರಳಲಿ. ಅವಧಿ ಮುಗಿಯುವ ವರ್ಷಕ್ಕೆ ಮೊದಲೇ ಅದು ಮುಗಿದಿರಬೇಕೆಂದು ಕಾಯ್ದೆಯಲ್ಲೇ ಬರೆಯಲಿ. ಗೌರವಧನ ಕೂಲಿಯವರೂ ಸದಸ್ಯರಾಗಿ ಬದುಕಬಹುದಾದಷ್ಟು ಆಗಲಿ. ಊರಿನೊಳಗೆ ಕೆಲಸ ಮಾಡುವ ನೌಕರರು ಪಂಚಾಯಿತಿಗೆ ಉತ್ತರ ಕೊಡುವ ಹೊಣೆಗಾರಿಕೆ ಬರಲಿ.

ಸದಸ್ಯರು ಮಾಡಬೇಕಾದದ್ದೂ ಇದೆ. ವಾರ್ಡ್ ಸಭೆಯನ್ನು ಹಾಳೆಯ ಮೇಲೆ ನಡೆಸಿ ಸಹಿ ಸಂಗ್ರಹಿಸುವ ಸದಸ್ಯ ಈ ಲೇಖನದ ಬೆಂಬಲಕ್ಕೆ ಅರ್ಹನಲ್ಲ. ಕ್ರಿಯಾಯೋಜನೆಯ ಪಟ್ಟಿಯನ್ನು ಪಂಚಾಯಿತಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಸಿ. ತೆರಿಗೆ ಬಾಕಿ ವಸೂಲಿಯಲ್ಲಿ ಸ್ವಂತ ಸಂಬಂಧಿಕರ ಮನೆಯಿಂದಲೇ ಶುರು ಮಾಡಿ. ಫಲಾನುಭವಿ ಪಟ್ಟಿಯಲ್ಲಿ ನಿಮ್ಮವರ ಹೆಸರಿದ್ದರೆ ಅದನ್ನು ಗ್ರಾಮಸಭೆಯ ಮುಂದೆ ನೀವೇ ಓದಿ ಹೇಳಿ.

ನಮ್ಮ ಪಾಲಿನ ಕೆಲಸ ಎಲ್ಲಕ್ಕಿಂತ ಸುಲಭವಾದದ್ದು, ನಾವು ಎಲ್ಲಕ್ಕಿಂತ ಹೆಚ್ಚು ಬಿಟ್ಟಿರುವುದೂ ಅದನ್ನೇ. ವಾರ್ಡ್ ಸಭೆ, ಗ್ರಾಮಸಭೆ ಎಂದಾಗ ಮನೆಯಲ್ಲಿ ಕೂರುವ ನಾವು ಆಮೇಲೆ ಪಂಚಾಯಿತಿಯನ್ನು ಬೈಯುತ್ತೇವೆ. ರಾಜ್ಯದ ಸುಮಾರು 6 ಸಾವಿರ ಗ್ರಾಮ ಪಂಚಾಯಿತಿಗಳ ಗ್ರಾಮಸಭೆಗಳಿಗೆ ಜನ ತುಂಬಿ ಬಂದರೆ ಮೇಲೆ ಹೇಳಿದ ಆಕ್ಷೇಪಗಳಲ್ಲಿ ಹೆಚ್ಚಿನವು ತಾವಾಗಿಯೇ ಬಿದ್ದುಹೋಗುತ್ತವೆ. ಮುಂದಿನ ಗ್ರಾಮಸಭೆಗೆ ಹೋಗಿ. ಜಮಾಬಂದಿಯ ಲೆಕ್ಕ ಓದಿಸಿ. ನಿಮ್ಮ ಗ್ರಾಮ, ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಿಗೆ ಪ್ರತಿ ಐದು ವರ್ಷಕ್ಕೆ ತಪ್ಪದೆ ಚುನಾವಣೆ ನಡೆಯಬೇಕು ಎಂದು ಒಂದು ಠರಾವು ಬರೆಸಿ, ಸಹಿ ಹಾಕಿ, ಅದು ರಾಜ್ಯ ಚುನಾವಣಾ ಆಯೋಗಕ್ಕೂ ಸರ್ಕಾರಕ್ಕೂ ಹೋಗುವಂತೆ ನೋಡಿಕೊಳ್ಳಿ. ಊರಿನ ಆಡಳಿತ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ಆ ಊರಿನ ಮತದಾರರಿಗೆ ಮಾತ್ರ ಇದೆ, ಅದನ್ನು ಯಾವ ಆಡಳಿತಾಧಿಕಾರಿಗೂ ಯಾವ ಸರ್ಕಾರಕ್ಕೂ ಬಿಟ್ಟುಕೊಡಬೇಡಿ.